ಯಾರ ಸ್ಟಿಕ್ ಮಸ್ಕತ್ತಿಗೆ?

ನಂಗೆ ಹೆದರಿಕೆ ಆದಾಗೆಲ್ಲ ಬೇರೆಯವರಿಗೆ ನಗು ಬರ್ತದೆ. ಇದು ಇವತ್ತು ನಿನ್ನೆಯದ್ದಲ್ಲ, ಒಮಾನಿನ ಈ ಸೊಹಾರಿಗೆ ಬಂದ ದಿನದಿಂದ ಹೀಗೇ ನಡೀತಾ ಉಂಟು. ಎಂತ ಮಾಡೂದು, ಕೆಲವರ ಮುಖವೇ ಹಾಗೆ.

ನಾನು ಕಲಿತದ್ದು ಮೂರನೇ ಕ್ಲಾಸು. ಅದೂ ಪೂರ್ತಿ ಆಗ್ಲಿಲ್ಲ. ಆದ್ರೆ ಒಂದು ಮಾತು ಹೇಳ್ತೇನೆ, ಬೇಕಾದ್ರೆ ಬರೆದಿಟ್ಕೊಳ್ಳಿ. ಸಣ್ಣ ಲೀಗಿನಲ್ಲಿ ಆಡುವ ಒಬ್ಬ ಹಾಕಿ ಆಟಗಾರ ದೊಡ್ಡ ಲೀಗಿಗೆ ಹೋಗ್ತಾನಾ, ಇಲ್ಲ ಇಲ್ಲೇ ಕೊಳೀತಾನಾ ಅಂತ ಹೇಳ್ಲಿಕ್ಕೆ ಈ ಒಮಾನಿನಲ್ಲಿ ನನ್ನಂಥವ ಇನ್ನೊಬ್ಬ ಇಲ್ಲ. ಇದ್ರೆ ಕರ್ಕೊಂಡು ಬನ್ನಿ, ಚಾ ಕೊಡ್ತೇನೆ.

ನನ್ನ ಕೆಲಸ ಇಷ್ಟೇ. ಇಲ್ಲಿಯ ಒಂದು ಸ್ಟೀಲ್ ಫ್ಯಾಕ್ಟರಿಯವರದ್ದು ಒಂದು ಹಾಕಿ ಟೀಮು ಉಂಟು. ಆಟಗಾರರೆಲ್ಲ ವೆಲ್ಡರು, ಫಿಟ್ಟರು, ಆಫೀಸಿನವರು. ಅವರ ಸ್ಟಿಕ್ಕಿನ ಹಿಡಿಗೆ ಗ್ರಿಪ್ ಪಟ್ಟಿ ಸುತ್ತೂದು ನಾನು, ಚಾ ಕೊಡೂದು ನಾನು. ಬಲಗೈಯಲ್ಲಿ ಸುಲೈಮಾನಿಯ, ಅಂದ್ರೆ ಹಾಲಿಲ್ಲದ ಚಾದ, ಫ್ಲಾಸ್ಕು, ಮೊಣಕಾಲು ನೋವಿಗೆ ಊರಿಕೊಳ್ಳಲಿಕ್ಕೆ ಎಡಗೈಯಲ್ಲಿ ಯಾರೋ ಬಿಸಾಡಿದ ಹಳೆ ಸ್ಟಿಕ್ಕು, ಹೀಗೆ ಇಡೀ ಗ್ರೌಂಡು ಸುತ್ತುವವ ನಾನು. ಎಲ್ಲರಿಗೂ ನಾನು ಚಾಚಾ. ನಮ್ಮ ಕ್ಯಾಪ್ಟನ್ ಕೊಡಗಿನವ, ಕ್ರೇನ್ ಓಡಿಸ್ತಾನೆ, ಅವ ಮಾತ್ರ ಕಾಕಾ ಅಂತಾನೆ. ಪ್ರತಿ ಚಳಿಗಾಲ ಮಸ್ಕತ್ತಿನ ದೊಡ್ಡ ಕ್ಲಬ್ಬಿನ ಕೋಚ್ ಬಂದು ನಮ್ಮಲ್ಲಿ ಒಬ್ಬನನ್ನು ಆರಿಸ್ಕೊಂಡು ಹೋಗ್ತಾನೆ. ಯಾರನ್ನು ಅಂತ ಹೇಳೂದು ನಾನು.

ಬೆರಳು ತೋರಿಸಿದ್ದು

ಇದನ್ನು ಇಷ್ಟರವರೆಗೆ ಯಾರಿಗೂ ಹೇಳಿದವ ಅಲ್ಲ. ಈಗ ವಯಸ್ಸಾಯ್ತು, ಹೇಳ್ತೇನೆ.

ಮೊದಲ ವರ್ಷ. ಮಸ್ಕತ್ತಿನ ಕೋಚ್ ಬಂದು ಸರೀ ನನ್ನ ಪಕ್ಕದಲ್ಲೇ ನಿಂತ. ಬಲೂಚಿ ಮನುಷ್ಯ, ಬಾಗಿಲಿನಷ್ಟು ಎತ್ತರ, ಮಾತಾಡಿದ್ರೆ ಫ್ಯಾಕ್ಟರಿ ಸೈರನ್. ಅವನ ಮೀಸೆ ನೋಡಿಯೇ ನಾನು ಫ್ಲಾಸ್ಕನ್ನು ಎದೆಗೆ ಒತ್ತಿ ಹಿಡಿದಿದ್ದೆ. ಅಷ್ಟೊತ್ತಿಗೆ ಒಂದು ಬಾಲ್ ಗ್ರೌಂಡಿನಿಂದ ಎದ್ದು ಸೀದಾ ಅವನ ತಲೆಗೇ ಬರ್ತಾ ಉಂಟು. ಹಾಕಿ ಬಾಲ್ ಅಂದ್ರೆ ಕಲ್ಲು ಮಾರಾಯ್ರೆ, ಬಿದ್ರೆ ಮನುಷ್ಯ ಖಲಾಸ್. ಬೊಬ್ಬೆ ಹಾಕ್ಬೇಕು ಅಂತ ಬಾಯಿ ತೆರೆದೆ, ಸ್ವರ ಬರ್ಲಿಲ್ಲ. ಬೆರಳು ಎತ್ತಿ ತೋರಿಸಿದೆ, ಅಷ್ಟೇ.

ಬಾಲ್ ಅವನ ಕಿವಿಯ ಪಕ್ಕದಿಂದ ಹೋಗಿ ನನ್ನ ಫ್ಲಾಸ್ಕಿಗೆ ಬಿತ್ತು. ಅವನಿಗೆ ಅದು ಗೊತ್ತೇ ಆಗ್ಲಿಲ್ಲ. ಅವ ನೋಡಿದ್ದು ನನ್ನ ಬೆರಳನ್ನು. ಬೆರಳು ತೋರಿಸಿದ ಕಡೆ ನಿಂತಿದ್ದದ್ದು ಆ ಬಾಲನ್ನು ತಪ್ಪಿ ಹೊಡೆದ ನಮ್ಮ ದಪ್ಪ ವೆಲ್ಡರ್.

"ಅವನಾ?" ಅಂತ ಕೇಳಿದ ಕೋಚ್.

ನಾನು ನಡುಗ್ತಾ ಇದ್ದೆ. ನಡುಗುವಾಗ ತಲೆ ಮೇಲೆ ಕೆಳಗೆ ಆಗ್ತದಲ್ಲ, ಅವ ಅದನ್ನು ಹೌದು ಅಂತ ತಿಳ್ಕೊಂಡ. ವೆಲ್ಡರನ್ನು ಮಸ್ಕತ್ತಿಗೆ ಕರ್ಕೊಂಡು ಹೋದ. ಮರು ವರ್ಷ ಆ ವೆಲ್ಡರ್ ದೊಡ್ಡ ಲೀಗಿನಲ್ಲಿ ಫುಲ್‌ಬ್ಯಾಕ್! ಅವ ಹೊಡೆದ್ರೆ ಎದುರಿನವರು ದಾರಿ ಬಿಡ್ತಿದ್ರಂತೆ. ಕೋಚ್ ಬಂದು ನನ್ನ ಎರಡೂ ಕೈ ಹಿಡ್ಕೊಂಡ. "ಚಾಚಾ, ಯಾರಿಗೂ ಕಾಣದ್ದು ನಿಮಗೆ ಹೇಗೆ ಕಂಡಿತು?"

"ಅನುಭವ," ಅಂದೆ. ಅನುಭವದ ತಗ್ಗು ಈಗ್ಲೂ ಫ್ಲಾಸ್ಕಿನಲ್ಲಿ ಉಂಟು.

ಪಾಲಿಶ್ ಪೇಪರ್

ಹೆಸರು ಬಂದದ್ದೇ ಬಂದದ್ದು, ಹೆದರಿಕೆ ಶುರು ಆಯ್ತು. ಪ್ರತಿ ವರ್ಷ ಬಾಲ್ ಬಂದು ಫ್ಲಾಸ್ಕಿಗೆ ಬೀಳ್ತದಾ? ಹಾಗಾಗಿ ನಾನು ನಿಜವಾಗಿಯೂ ಕಲಿತೆ. ಆಟ ನೋಡಿ ಅಲ್ಲ, ಆಟ ಯಾರು ಬೇಕಾದ್ರೂ ನೋಡ್ತಾರೆ. ನಾನು ಕಲಿತದ್ದು ಗ್ರಿಪ್ಪಿನಿಂದ.

ಕೇಳಿ, ಇದು ಪುಸ್ತಕದಲ್ಲಿ ಸಿಗೂದಿಲ್ಲ. ಗಟ್ಟಿ ಆಟಗಾರ ಸ್ಟಿಕ್ ತಿರುಗಿಸೂದು ಮೇಲಿನ ಎಡಗೈಯಿಂದ. ಕೆಳಗಿನ ಬಲಗೈ ಸುಮ್ಮನೆ ಜೊತೆಗೆ ಇರೂದು. ಹಾಗಾಗಿ ಗ್ರಿಪ್ ಎಡಗೈ ಜಾಗದಲ್ಲಿ ಸವೆದಿರ್ಬೇಕು, ಬಲಗೈ ಜಾಗ ಹೊಸತರ ಹಾಗೆ ಇರ್ಬೇಕು. ಹೆದರುಪುಕ್ಕಲ ಆದ್ರೆ ಎರಡೂ ಕೈಯಲ್ಲಿ ಬಿಗಿ ಹಿಡೀತಾನೆ, ಎರಡೂ ಕಡೆ ಸವೀತದೆ. ಮತ್ತೆ ಸ್ಟಿಕ್ಕಿನ ತುದಿ ನೆಲಕ್ಕೆ ಉಜ್ಜಿ ಉಜ್ಜಿ ಸವೆದಿರ್ಬೇಕು. ಸೋಮಾರಿಯ ಸ್ಟಿಕ್ ಯಾವಾಗ್ಲೂ ಗಾಳಿಯಲ್ಲಿ ಇರ್ತದೆ.

ಹೀಗೆ ಹೇಳಿ ಇಬ್ಬರನ್ನು ಮಸ್ಕತ್ತಿಗೆ ಕಳಿಸಿದೆ. ಇಬ್ಬರೂ ಅಲ್ಲಿ ಗಟ್ಟಿಯಾಗಿ ನಿಂತ್ರು. ಆದ್ರೆ ನನ್ನ ಬಾಯಿ ಸುಮ್ಮನಿರೂದಿಲ್ಲ, ಗುಟ್ಟನ್ನು ಚಾ ಕೊಡುವಾಗ ಕ್ಯಾಪ್ಟನಿಗೆ ಹೇಳಿಬಿಟ್ಟೆ. ಮರು ವಾರ ಗ್ರಿಪ್ ಸುತ್ತಲಿಕ್ಕೆ ಬಂದ ಸ್ಟಿಕ್ಕೆಲ್ಲ ನೋಡ್ತೇನೆ, ಒಂದೇ ತಾಯಿಯ ಮಕ್ಕಳ ಹಾಗೆ! ಎಡಗೈ ಜಾಗ ಎಲ್ಲರದ್ದೂ ಸವೆದು ದಾರ ಎದ್ದಿದೆ, ಬಲಗೈ ಜಾಗ ಮದುಮಗನ ಅಂಗಿಯ ಹಾಗೆ.

ಅದೇ ಹೊತ್ತಿಗೆ ಫ್ಯಾಕ್ಟರಿಯಲ್ಲಿ ಗಲಾಟೆ. ಸ್ಟೋರಿನಲ್ಲಿ ಕಬ್ಬಿಣ ಉಜ್ಜುವ ಪಾಲಿಶ್ ಪೇಪರ್ ಒಂದು ಹಾಳೆಯೂ ಇಲ್ಲ! ನಮ್ಮ ಟೀಮಿನ ಮ್ಯಾನೇಜರ್ ಒಮಾನಿ, ನನ್ನ ವೀಸಾದ ಕಾಗದವೂ ಅವನ ಕೈಯಲ್ಲೇ. ಅವ ಎಲ್ಲರನ್ನೂ ನಿಲ್ಲಿಸಿ ಕೇಳಿದ, "ಪಾಲಿಶ್ ಪೇಪರ್ ಯಾರು ತಿಂದದ್ದು?" ಎಲ್ಲರೂ ಒಟ್ಟಿಗೆ ನನ್ನ ಮುಖ ನೋಡಿದ್ರು. ಊರಿಗೆ ಟಿಕೆಟ್ ಆಯ್ತು ಅಂತ ಗ್ರಹಿಸಿದೆ.

ಆಗ ಸ್ಟೋರ್‌ಕೀಪರ್ ಮುಂದೆ ಬಂದ, ನನ್ನನ್ನು ಬಚಾವು ಮಾಡ್ಲಿಕ್ಕೆ ಅಂತ ನಾನು ಎಣಿಸಿದೆ. ಅವ ಹಿಂದಿನಿಂದ ಒಂದು ಸ್ಟಿಕ್ ತೆಗೆದು, "ಚಾಚಾ, ನನ್ನದನ್ನೂ ಒಮ್ಮೆ ನೋಡಿ" ಅಂದ. ಅದೂ ಉಜ್ಜಿದ್ದು.

ಆ ಮನುಷ್ಯ ಹಾಕಿ ಆಡೂದೇ ಇಲ್ಲ.

ಭಾವಮೈದುನ

ಒಂದು ದಿನ ಮ್ಯಾನೇಜರ್ ನನ್ನನ್ನು ಆಫೀಸಿಗೆ ಕರೆಸಿದ. ಎಸಿಯ ಒಳಗೆ ನಂಗೆ ಬೆವರು. ಮೇಜಿನ ಮೇಲೆ ನನ್ನ ಪಾಸ್‌ಪೋರ್ಟಿನ ಕಾಪಿ. ಪಕ್ಕದಲ್ಲಿ ಅವನ ಹೆಂಡತಿಯ ತಮ್ಮ ಕೂತಿದ್ದ, ನಮ್ಮ ಆಫೀಸಿನಲ್ಲೇ ಕೆಲಸ, ಬಿಳಿ ದಿಶ್‌ದಾಶದ ನಿಲುವಂಗಿ, ಅತ್ತರಿನ ಪರಿಮಳ.

"ಇವ ದೊಡ್ಡ ಲೀಗಿಗೆ ಹೋಗ್ತಾನಾ ಹೇಳು. ಮನೆಯಲ್ಲಿ ಇವನ ಅಕ್ಕ ದಿನಾ ಕೇಳ್ತಾಳೆ," ಅಂದ ಮ್ಯಾನೇಜರ್. ಅವನ ಸ್ವರ ಕೇಳಿದ್ರೆ ಅವನಿಗೂ ಹೆದರಿಕೆ ಉಂಟು ಅಂತ ಗೊತ್ತಾಗ್ತಿತ್ತು, ಹೆಂಡತಿಯದ್ದು.

ನಾನು ಸ್ಟಿಕ್ ತೆಕ್ಕೊಂಡು ನೋಡಿದೆ. ಎರಡೂ ಕೈ ಜಾಗದಲ್ಲಿ ಉಗುರಿನ ಗುರುತು! ಇಷ್ಟು ಹೆದರಿದ ಸ್ಟಿಕ್ ನಾನು ಜೀವಮಾನದಲ್ಲಿ ಹಿಡಿದವ ಅಲ್ಲ. ಆಗೂದಿಲ್ಲ ಅಂದ್ರೆ ವೀಸಾ ಹೋಯ್ತು. ಆಗ್ತದೆ ಅಂದ್ರೆ ಮಸ್ಕತ್ತಿನಲ್ಲಿ ಹೆಸರು ಹೋಯ್ತು. ನಾನು ಸ್ವಲ್ಪ ಕೆಮ್ಮಿದೆ, ಮತ್ತೆ ಹೇಳಿದೆ, "ಹೋಗ್ತಾನೆ. ಆದ್ರೆ ಮೂರು ವರ್ಷ ಬೇಕು."

ಮ್ಯಾನೇಜರ್ ಖುಷಿಯಾಗಿ ಎದ್ದು ನಿಂತ. "ಹಾಗಾದ್ರೆ ಮೂರು ವರ್ಷ ನೀನೇ ಇವನನ್ನು ನೋಡ್ಕೊಳ್ಬೇಕು. ವೀಸಾ ನಾನು ನೋಡ್ತೇನೆ."

ಹೊರಗೆ ಬಂದದ್ದೇ ಭಾವಮೈದುನ ನನ್ನ ಅಂಗಿ ಹಿಡಿದ. ಕಣ್ಣಲ್ಲಿ ನೀರು. "ಚಾಚಾ, ಎಂತ ಮಾಡಿದ್ರಿ? ನಂಗೆ ಬಾಲ್ ಕಂಡ್ರೆ ಹೆದರಿಕೆ! ನೀವು ಆಗೂದಿಲ್ಲ ಅಂತೀರಿ ಅಂತ ನಾನು ಬೆಳಿಗ್ಗೆಯಿಂದ ದುವಾ ಮಾಡ್ತಾ ಇದ್ದೆ!"

ನನ್ನ ವೀಸಾ ಮುಂದೆ ಹೋಯ್ತು. ಪಾಪ, ಅವನ ಗ್ರಾಚಾರವೂ ಮುಂದೆ ಹೋಯ್ತು.

ಎಷ್ಟು ಬೆರಳು?

ಮೂರು ವರ್ಷ ಹೋದದ್ದೇ ಗೊತ್ತಾಗ್ಲಿಲ್ಲ. ಗೊತ್ತಾಗ್ಲಿಕ್ಕೆ ಕಣ್ಣು ಕಾಣ್ಬೇಕಲ್ಲ.

ಹೌದು, ಪೊರೆ ಬಂದಿತ್ತು. ಮೊದಲು ಬಾಲ್ ಕಾಣೂದು ನಿಂತಿತು, ಆಮೇಲೆ ಬಾಲ್ ಹೊಡೆಯುವವ. ನಾನು ಯಾರಿಗೂ ಹೇಳ್ಲಿಲ್ಲ. ಕಣ್ಣು ಕಾಣದವನನ್ನು ಆಟಗಾರರನ್ನು ಆರಿಸ್ಲಿಕ್ಕೆ ಯಾರು ಇಟ್ಕೊಳ್ತಾರೆ? ಮ್ಯಾನೇಜರ್ ಬೇರೆ ಹೇಳಿಯಾಗಿತ್ತು, "ಈ ಸಲ ಕೋಚ್ ನಿನ್ನ ಮಾತಿನ ಮೇಲೆ ಒಬ್ಬನನ್ನು ಕರ್ಕೊಂಡು ಹೋದ್ರೆ ನೀನು ಇರು. ಇಲ್ಲದಿದ್ರೆ ಸಾಕು, ವಯಸ್ಸಾಯ್ತು, ಊರಿಗೆ ಹೋಗು." ಆಪರೇಷನ್ ಮಾಡಿಸುವ ಅಂದ್ರೆ, ಕಣ್ಣಿಗೆ ಸೂಜಿ!

ಒಂದು ಸಂಜೆ ಪ್ರಾಕ್ಟೀಸಿನಲ್ಲಿ ಒಬ್ಬ ನಿಂತಲ್ಲೇ ನಿಂತಿದ್ದ. ನಂಗೆ ಸಿಟ್ಟು ಬಂತು. "ಏಯ್, ಓಡು! ನಿನ್ನ ಕಾಲಿಗೆ ಬೇರು ಬಂದಿದೆಯಾ? ನಿನ್ನಂಥವನನ್ನು ಕಟ್ಕೊಂಡು ಟೀಮು ಉದ್ಧಾರ ಆದ ಹಾಗೆ!" ಅಂತ ಒಂದೇ ಸಮ ಬೈದೆ. ಕ್ಯಾಪ್ಟನ್ ಓಡಿ ಬಂದು ಕಿವಿಯಲ್ಲಿ ಹೇಳಿದ, "ಕಾಕಾ, ಅದು ನೀರಿನ ಪೈಪು. ಯಾರೋ ಜೆರ್ಸಿ ಒಣಗಿಸ್ಲಿಕ್ಕೆ ಹಾಕಿದ್ದು."

"ಗೊತ್ತುಂಟು. ಅದಕ್ಕೆ ಬೈದ್ರೆ ನಿಮಗೆ ತಾಗ್ಲಿ ಅಂತ," ಅಂದೆ.

ಕ್ಯಾಪ್ಟನ್ ನಂಬ್ಲಿಲ್ಲ. ಅವ ನೇರ ಊರಲ್ಲಿರುವ ನನ್ನ ಹೆಂಡತಿಗೆ ಫೋನು ಮಾಡಿದ. ನಂಗೆ ಮಸ್ಕತ್ತಿನ ಕೋಚಿಗಿಂತ ಹೆದರಿಕೆ ಅವಳದ್ದು. ವಿಡಿಯೋದಲ್ಲಿ ಬಂದಳು.

"ನೋಡಿ ಇಲ್ಲಿ. ಎಷ್ಟು ಬೆರಳು?"

ಫೋನಿನಲ್ಲಿ ಎಂತದ್ದೋ ಹೊಗೆಯ ಹಾಗೆ ಕಾಣ್ತಿತ್ತು. ಧೈರ್ಯದಲ್ಲಿ ಹೇಳಿದೆ, "ಮೂರು!"

"ನಾನಿನ್ನೂ ಕೈಯೇ ಎತ್ಲಿಲ್ಲ," ಅಂದಳು.

ಎರಡು ಸಲ ನೋಡಿದ ಸ್ಟಿಕ್

ಕೋಚ್ ಬರುವ ದಿನ ಬಂತು. ಕ್ಯಾಪ್ಟನಿಗೆ ಹೇಳಿದೆ, "ಮಾರಾಯ, ಯಾರಿಗೂ ಹೇಳ್ಬೇಡ. ಕಣ್ಣು ಹೋದ್ರೆ ಹೋಗ್ಲಿ, ಬೆರಳು ಉಂಟಲ್ಲ. ಗ್ರಿಪ್ ಮುಟ್ಟಿ ಹೇಳ್ತೇನೆ."

"ತಪ್ಪಿದ್ರೆ, ಕಾಕಾ?"

"ನಾನು ಯಾವಾಗ ತಪ್ಪಿದ್ದೇನೆ?" ಅಂದೆ. ಸ್ವರ ಮಾತ್ರ ಸ್ವಲ್ಪ ಬೆಕ್ಕಿನ ಹಾಗೆ ಬಂತು.

ಗ್ರೌಂಡಿನ ಪಕ್ಕ ಉದ್ದದ ಮೇಜು, ಮೇಲೆ ಎಲ್ಲರ ಸ್ಟಿಕ್ಕು ಸಾಲಾಗಿ ಇಟ್ಟಿದ್ರು. ಕೋಚ್, ಮ್ಯಾನೇಜರ್, ಇಡೀ ಟೀಮು ಸುತ್ತ ನಿಂತಿದೆ. ನಾನು ಮೊದಲು ಕೋಚಿಗೆ ಸುಲೈಮಾನಿ ಕೊಟ್ಟೆ. ಲೋಟ ಸರಿ ಕಾಣದೆ ಅರ್ಧ ಅವನ ಚಪ್ಪಲಿಗೆ ಬಿತ್ತು. "ಯಲ್ಲಾ ಚಾಚಾ, ಶುರು ಮಾಡಿ," ಅಂದ ಅವ.

ಒಂದೊಂದೇ ಮುಟ್ಟಿದೆ. "ಇವ ಬಲಗೈಯಲ್ಲಿ ಕತ್ತು ಹಿಸುಕ್ತಾನೆ, ಬೇಡ." "ಇವನ ತುದಿ ಸವೆಯಲೇ ಇಲ್ಲ, ಸೋಮಾರಿ." "ಇದು ಪಾಲಿಶ್ ಪೇಪರ್!" ಅಂದ್ರೆ ಹಿಂದಿನಿಂದ ಒಬ್ಬ ಕೆಮ್ಮಿದ. ಒಂದು ಚೆಂದ ಇತ್ತು, ಎಡಗೈ ಸವೆದದ್ದು, ಬಲಗೈ ಹಗುರ. "ಇದು ಒಳ್ಳೇದುಂಟು, ಪಕ್ಕಕ್ಕಿಡಿ," ಅಂದೆ.

ಕೊನೆಯದ್ದು ಕೈಗೆ ಬಂತು. ಅಲ್ಲಾ! ನನ್ನ ಮೈ ಜುಮ್ಮೆಂದಿತು. ಎಡಗೈ ಜಾಗದಲ್ಲಿ ಗ್ರಿಪ್ ಸವೆದು ಮರ ನುಣುಪಾಗಿದೆ. ಬಲಗೈ ಜಾಗ ಮುಟ್ಟಿಯೇ ಇಲ್ಲ! ತುದಿ ನೆಲಕ್ಕೆ ಉಜ್ಜಿ ಉಜ್ಜಿ ಅರ್ಧ ಆಗಿದೆ. ಸ್ಟಿಕ್ಕನ್ನು ಎತ್ತಿ ಹಿಡಿದೆ.

"ಖಲಾಸ್! ಬೇರೆ ನೋಡೂದು ಬೇಡ. ಇಷ್ಟು ವರ್ಷದಲ್ಲಿ ಇಂಥ ಎಡಗೈ ನಾನು ನೋಡಿದವ ಅಲ್ಲ. ಇವನ ಸ್ಟಿಕ್ ನೆಲ ಬಿಟ್ಟು ಏಳೂದೇ ಇಲ್ಲ. ಇವ ಮಸ್ಕತ್ತಲ್ಲ, ಇಡೀ ದೇಶದ ಟೀಮಿಗೆ ಹೋಗುವ ಜನ! ಯಾರದ್ದಿದು? ಮುಂದೆ ಬಾ!"

ಯಾರೂ ಬರ್ಲಿಲ್ಲ.

"ಹೆದರ್ಬೇಡ, ಬಾ!" ಅಂತ ನಾನು ಇನ್ನೊಮ್ಮೆ ಕರೆದೆ.

ಕ್ಯಾಪ್ಟನ್ ಮೆಲ್ಲಗೆ ಹೇಳಿದ, "ಕಾಕಾ, ಅದು ನಿಮ್ದೇ. ಚಾ ಕೊಡುವಾಗ ನೀವೇ ಮೇಜಿನ ಮೇಲೆ ಇಟ್ರಿ."

ಸೈರನ್ ಸ್ವರದ ಕೋಚ್ ನಗ್ತಾ ನಗ್ತಾ ನೆಲದಲ್ಲೇ ಕೂತ್ಕೊಂಡ. ಟೀಮು ಪೂರಾ ಬಿದ್ದು ಬಿದ್ದು ನಕ್ಕಿತು. ನಂಗೆ ಮಾತ್ರ ಕಣ್ಣೆದುರು ಊರಿಗೆ ಹೋಗುವ ವಿಮಾನವೇ ಬಂದು ನಿಂತಿತು. ಕಣ್ಣು ಕಾಣದ್ದು ಎಲ್ಲರಿಗೂ ಗೊತ್ತಾಗಿ ಹೋಯ್ತಲ್ಲ. ಮ್ಯಾನೇಜರ್ ನಗ್ತಾ ಇರ್ಲಿಲ್ಲ. ಅದು ಇನ್ನೂ ಹೆದರಿಕೆ.

ಕೋಚ್ ಕಣ್ಣು ಒರೆಸ್ಕೊಂಡು ಎದ್ದ. "ಸರಿ, ಚಾಚಾನನ್ನು ಆಡಿಸ್ಲಿಕ್ಕೆ ಆಗೂದಿಲ್ಲ. ಆಗ ಪಕ್ಕಕ್ಕಿಟ್ಟದ್ದು ಯಾರದ್ದು?"

ಹಿಂದಿನಿಂದ ಒಂದು ಅಳು ಸ್ವರ ಬಂತು. "ನನ್ನದು."

ಭಾವಮೈದುನ! ಮೂರು ವರ್ಷ ಅಕ್ಕನ ಹೆದರಿಕೆಗೆ ದಿನಾ ಪ್ರಾಕ್ಟೀಸಿಗೆ ಬಂದು ಬಂದು, ಬಾಲ್ ಮೈಗೆ ತಾಗದ ಹಾಗೆ ತಪ್ಪಿಸಿ ತಪ್ಪಿಸಿ, ಕೊನೆಗೆ ಬಾಲನ್ನು ತಿರುಗಿಸೂದರಲ್ಲಿ ಅವನಷ್ಟು ಚುರುಕಿನವ ಬೇರೆ ಯಾರೂ ಉಳೀಲಿಲ್ಲ. ಕೋಚ್ ಅವನನ್ನು ಗ್ರೌಂಡಿಗೆ ಇಳಿಸಿ ಸ್ವಲ್ಪ ಹೊತ್ತು ನೋಡಿದ, "ಬ್ಯಾಗು ಕಟ್ಟು" ಅಂದ. ಮ್ಯಾನೇಜರ್ ನನ್ನನ್ನು ಅಪ್ಪಿಕೊಂಡ.

ಭಾವಮೈದುನ ಮಾತ್ರ ಅಲುಗಲಿಲ್ಲ. "ನನ್ನನ್ನು ಸಿಕ್ಕಿಸಿದ್ದು ಚಾಚಾ. ಚಾಚಾ ಬರದಿದ್ರೆ ನಾನೂ ಬರೂದಿಲ್ಲ."

"ಬರ್ಲಿ. ಗ್ರಿಪ್ ಸುತ್ತಲಿಕ್ಕೆ ನಮಗೂ ಜನ ಬೇಕು," ಅಂದ ಕೋಚ್. ಆಮೇಲೆ ನನ್ನ ಹೆಗಲಿಗೆ ಕೈ ಹಾಕಿದ. "ಆದ್ರೆ ಮೊದಲು ಕಣ್ಣಿನ ಆಪರೇಷನ್."

ನಾನು ಓಡ್ಲಿಕ್ಕೆ ನೋಡಿದೆ. ನನ್ನ ಸ್ಟಿಕ್ ಕ್ಯಾಪ್ಟನ್ ತೆಗೆದಿಟ್ಟಿದ್ದ, ಅದಿಲ್ಲದೆ ಎಲ್ಲಿಗೆ ಓಡೂದು?

ಆಪರೇಷನ್ ಆಯ್ತು. ಡಾಕ್ಟ್ರು ಹೇಳ್ತಾರೆ ನಾನು ಬೊಬ್ಬೆ ಹೊಡೆದೆ ಅಂತ. ಸುಳ್ಳು, ಪಕ್ಕದ ಬೆಡ್ಡಿನವ ಇರ್ಬೇಕು. ಮರುದಿನ ಪಟ್ಟಿ ತೆಗೆದ್ರು. ಕೋಚ್ ಎದುರಿಗೇ ನಿಂತಿದ್ದ, ಮೀಸೆಯ ಒಂದೊಂದು ಕೂದಲೂ ಕಾಣ್ತದೆ! ಪಕ್ಕದಲ್ಲಿ ಭಾವಮೈದುನ. ಕೋಚ್ ನನ್ನ ಕೈಗೆ ಒಂದು ಸ್ಟಿಕ್ ಕೊಟ್ಟ. "ಈಗ ಕಣ್ಣಿನಲ್ಲಿ ನೋಡಿ ಹೇಳಿ ಚಾಚಾ, ಈ ಮನುಷ್ಯ ಹೇಗೆ?"

ಹೊಸ ಕಣ್ಣು, ಬಿಡ್ತೇನಾ? ತಿರುಗಿಸಿ ತಿರುಗಿಸಿ ನೋಡಿದೆ. ಗ್ರಿಪ್ಪಿನಲ್ಲಿ ಚಾದ ಕಲೆ, ದಾರ ಬಿಟ್ಟಿದೆ, ತುದಿ ಒಡೆದು ಹಲ್ಲಿಲ್ಲದ ಬಾಯಿಯ ಹಾಗೆ ಆಗಿದೆ.

"ಥೂ! ಎಂತ ದರಿದ್ರ ಸ್ಟಿಕ್ಕಿದು! ಇದನ್ನು ಹಿಡಿದವನಿಗೆ ಆಟವೂ ಗೊತ್ತಿಲ್ಲ, ಮರ್ಯಾದೆಯೂ ಗೊತ್ತಿಲ್ಲ. ಇವ ಸಾಯುವವರೆಗೆ ಸೊಹಾರಿನಲ್ಲೇ ಕೊಳೀತಾನೆ. ಬರೆದಿಟ್ಕೊಳ್ಳಿ!"

ಭಾವಮೈದುನ ಕೋಚಿನ ಮುಖ ನೋಡಿದ. ಕೋಚ್ ಭಾವಮೈದುನನ ಮುಖ ನೋಡಿದ.

"ಚಾಚಾ," ಅಂದ ಭಾವಮೈದುನ, "ಇದೂ ನಿಮ್ದೇ."