ಬಳುವಳಿ ಹಸುವಿನ ಬಾಯಿಜೊಲ್ಲು

ದನದ ಡಾಕ್ಟರಾದವಳು ನಗು ಹುಡುಕಿಕೊಂಡು ಎಲ್ಲೂ ಹೋಗಬೇಕಾಗಿಲ್ಲ. ಕೊಟ್ಟಿಗೆಗೆ ಕಾಲಿಟ್ಟರೆ ಸಗಣಿಯ ಹಾಗೆ ತಾನಾಗೇ ಮೆತ್ತಿಕೊಳ್ಳುತ್ತದೆ. ಅದರಲ್ಲೂ ಈ ಪುಟ್ಟ ಮಿಷನ್ ನನ್ನ ಜೀಪಿಗೆ ಬಂದ ಮೇಲಂತೂ ಕೇಳಲೇಬೇಡಿ.

ಮಿಷನ್ ಮಾಡುವ ಕೆಲಸ ಇಷ್ಟೇ. ಕಾಯಿಲೆ ಬಿದ್ದ ದನದ ಜೊಲ್ಲಿನಲ್ಲಿರುವ ವೈರಸ್ಸಿನ ವಂಶವಾಹಿಯನ್ನು ಅಕ್ಷರ ಅಕ್ಷರವಾಗಿ ಓದಿ ಲ್ಯಾಪ್‌ಟಾಪಿಗೆ ಹೇಳುತ್ತದೆ. ಮೊದಲಾದರೆ ಸ್ಯಾಂಪಲ್ ಬೆಂಗಳೂರಿಗೆ ಹೋಗಿ ಉತ್ತರ ಬರುವಷ್ಟರಲ್ಲಿ ಹಸು ವಾಸಿಯಾಗಿ ಮೇಯಲು ಹೋಗಿರುತ್ತಿತ್ತು. ಈಗ ಬೆಳಿಗ್ಗೆ ಕೊಟ್ಟಿಗೆ ಪಕ್ಕ ಕೂತರೆ ಸಂಜೆಯೊಳಗೆ ಯಾವ ರೋಗ, ಅದರ ವೈರಸ್ಸಿನ ಯಾವ ಕವಲು, ಯಾವ ಸೀಮೆಯ ರೋಗಕ್ಕೆ ಅದು ನೆಂಟು ಅನ್ನುವುದು ಗೊತ್ತಾಗುತ್ತದೆ. ಈ 'ನೆಂಟು' ಅನ್ನುವುದೇ ಎಡವಟ್ಟಿಗೆಲ್ಲ ಮೂಲ.

ಆ ದಿನ ಫೋನ್ ಮಾಡಿದವಳು ದಂಡಿಗನಹಳ್ಳಿ ಹತ್ತಿರದ ಒಂದು ಮನೆಯ ಹೊಸ ಸೊಸೆ. ಅವಳ ತವರು ಅರಕಲಗೂಡು ಕಡೆ. ಮದುವೆಗೆ ಬಳುವಳಿಯಾಗಿ ಅಪ್ಪ ಒಂದು ಹಸು ಕೊಟ್ಟು ಕಳಿಸಿದ್ದ. ಅದು ಬಂದು ಸ್ವಲ್ಪ ದಿನಕ್ಕೆ ಮನೆಯ ದನಗಳಿಗೆಲ್ಲ ಜ್ವರ, ನಾಲಗೆ ಮೇಲೆ ಗುಳ್ಳೆ, ಕುಂಟು. ನೋಡಿದರೆ ಕಾಲುಬಾಯಿ ಜ್ವರದ ಹಾಗೇ ಇತ್ತಂತೆ.

"ಮೇಡಂ, ನಮ್ಮತ್ತೆ ಊರಿಗೆಲ್ಲ ಸಾರ್ಬುಟ್ಟವ್ರೆ," ಅಂದಳು ಪಿಸುಮಾತಿನಲ್ಲಿ. "ಯಾರ ತವರಿನ ಹಸೀನಿಂದ ರೋಗ ಬಂತೋ ಅವ್ರು ಆ ಹಸೀನ ಜತೇಲೇ ತವರಿಗೆ ಓಗ್ಬೇಕಂತೆ. ನಿಮ್ ಮಿಷನ್ ತತ್ತೀರಾ?"

"ನಿನ್ನ ಹಸುವಿನಿಂದಲೇ ಅಂತ ಬಂದರೆ ಏನಮ್ಮ ಮಾಡ್ತೀಯ?"

"ಬಂದ್ರೆ ಬರ್ಲಿ ಬುಡಿ. ದಿನಾ ಅನ್ನಿಸ್ಕೊಳೋದಾದ್ರೂ ತಪ್ತದೆ."

ಅವಳ ಗಂಡ ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ವ್ಯಾಪಾರದವನು, ಅಮ್ಮನ ಮುಂದೆ ಬಾಯಿ ಬಿಡುವವನಲ್ಲ. ಆ ವರ್ಷ ಅರಕಲಗೂಡು ಕಡೆ ಆ ರೋಗ ಇದ್ದದ್ದೂ ನಿಜ. ದೇವರೇ, ಈ ಮಿಷನ್ನಿನಿಂದ ಒಂದು ಸಂಸಾರ ಮುರಿಯದಿರಲಿ ಅಂದುಕೊಂಡು ಜೀಪು ಹತ್ತಿದೆ.

ಎಮ್ಮೆಗೆ ಬೇರೆ ಅದಾ?

ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ಗಟ್ಟಿ ಹೆಂಗಸು. ಮಾತು ಶುರುವಾಗಿದ್ದೇ ತವರಿನಿಂದ. "ನಾನು ಹಳ್ಳಿಮೈಸೂರು ಕಡೇವ್ಳು ಕಣವ್ವ. ನಮ್ಮಪ್ಪನ ಮನೇಲಿ ಹಸ ಕಟ್ಟಿರೋದ ನೋಡ್ಬೇಕು ನೀವು, ಒಂದೊಂದೂ ಕನ್ನಡಿ ಇದ್ದಂಗೆ. ಇವ್ಳು ತಂದವ್ಳೆ ನೋಡಿ, ರೋಗದ ಮೂಟೆಯ!"

ಸೊಸೆ ತಲೆ ತಗ್ಗಿಸಿಕೊಂಡು ಕಾಫಿ ತಂದಿಟ್ಟಳು. ಜಗಲಿಯ ಮೂಲೆಯಲ್ಲಿ ಮಾವ, ಅಂದರೆ ಮನೆಯ ಯಜಮಾನರು, ಎಲೆಅಡಿಕೆ ಮೆಲ್ಲುತ್ತ ಕೂತಿದ್ದರು. ಈ ಮನೆಯಲ್ಲಿ ಅವರಿಗೆ ಬಾಯಿ ಕೊಟ್ಟಿರುವುದು ಎಲೆಅಡಿಕೆಗೆ ಮಾತ್ರ ಅಂತ ಕಾಣುತ್ತದೆ ಅಂದುಕೊಂಡೆ.

ನಾನು ಮಿಷನ್ ತೆಗೆದು ಮಂಚದ ಮೇಲಿಟ್ಟೆ. ಬೀಗದಕೈ ಗೊಂಚಲಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಅತ್ತೆಯ ಮುಖ ಸಪ್ಪಗಾಯಿತು. ದೊಡ್ಡ ಮಿಷನ್ ಬರ್ತದೆ, ಬಂದು ನೋಡಿ ಅಂತ ಬೀದಿಯವರನ್ನೆಲ್ಲ ಕರೆದಿದ್ದರು ಪಾಪ.

ಯಜಮಾನರು ಎದ್ದು ಬಂದು ಬಗ್ಗಿ ನೋಡಿದರು, ಆಮೇಲೆ ಕೊಟ್ಟಿಗೆ ಕಡೆ ನೋಡಿದರು.

"ಇದು ಹಸೀಗೆ ಸಾಕಾಯ್ತದೆ ಬುಡಿ," ಅಂದರು. "ಎಮ್ಮೆಗೆ ಬೇರೆ ಅದಾ ಮೇಡಂ?"

ಜೇನುತುಪ್ಪ

ಕೊಟ್ಟಿಗೆಯಲ್ಲಿ ಐದು ದನ. ಮೊದಲು ಸೊಸೆಯ ಹಸುವಿನದೇ ತೆಗೆಯಬೇಕು ಅಂತ ಅತ್ತೆಯ ಅಪ್ಪಣೆ. ಹತ್ತಿ ಸುತ್ತಿದ ಕಡ್ಡಿಯನ್ನು ಹಸುವಿನ ಬಾಯೊಳಗೆ ಆಡಿಸಿ ತೆಗೆದರೆ, ಜೊಲ್ಲಿನ ಬದಲು ಕಂದು ಬಣ್ಣದ ಅಂಟು.

"ಇದೇನಮ್ಮ ಇದು?"

"ರಾಗಿ ಹಿಟ್ಗೆ ಜೇನುತುಪ್ಪ ಕಲ್ಸಿ ನಾಲ್ಗೆಗೆ ಸವ್ರಿವ್ನಿ ಕಣವ್ವ. ಹುಣ್ಣು ಉರೀತದಲ್ಲ, ಮೂಗಪ್ರಾಣಿ, ಬಾಯಿಬುಟ್ಟು ಯೋಳಕ್ಕಾದದಾ?" ಅಂದರು ಅತ್ತೆ.

ಬಾಯಿ ಬಿಟ್ಟರೆ ಬೈಗುಳವಾದರೂ ಆಕೆ ಬಳುವಳಿ ಹಸುವಿನ ನಾಲಗೆಗೂ ಅಷ್ಟೇ ಜೇನು ಸವರಿದ್ದರು. ನನಗೆ ಅವರ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. ಮಿಷನ್ನಿಗೆ ಮಾತ್ರ ರಾಗಿ ಹಿಟ್ಟು ಬೇಡ. ನೀರಿನಲ್ಲಿ ಬಾಯಿ ತೊಳೆಸಿ ಮತ್ತೆ ಕಡ್ಡಿ ಹಾಕಿದೆ. ಇನ್ನೆರಡು ದನಗಳದ್ದೂ ಆಯಿತು.

"ಇಷ್ಟೇನಾ ದನ?"

"ಇಷ್ಟೇ ಕಣವ್ವ. ಆ ತ್ವಾಟದ ಕಡೆ ಓಗ್ಬೇಡಿ, ಕೆಸರು."

ಯಜಮಾನರು ನನ್ನ ಹತ್ತಿರ ಸರಿದು ಮೆಲ್ಲಗೆ ಹೇಳಿದರು. "ನಂಗೆ ಕೆಮ್ಮು ಬಂದ್ರೆ ಬಿಸ್ನೀರ್ ಕೊಡ್ತಾಳೆ ಮೇಡಂ. ಜೇನುತುಪ್ಪ ಬೇಕು ಅಂದ್ರೆ ಕಾಲುಬಾಯಿ ಜ್ವರಾನೇ ಬರ್ಬೇಕು ಅಂತ ಕಾಣ್ತದೆ."

ಲೀಡ್ ಯಾರ್ದು?

ಜೊಲ್ಲನ್ನು ಔಷಧಿಗಳಲ್ಲಿ ತೊಳೆದು, ಬಿಸಿ ಮಾಡಿ, ತಣಿಸಿ ಮಿಷನ್ನಿಗೆ ಹಾಕುವಷ್ಟರಲ್ಲಿ ಮಧ್ಯಾಹ್ನ. ಕರೆಂಟು ಎಂದಿನಂತೆ ಕೈಕೊಟ್ಟಿತು. ನಮ್ಮ ಜೀಪಿನ ಡ್ರೈವರ್ ಬ್ಯಾಟರಿಯಿಂದ ವೈರು ಎಳೆದು ಕೊಟ್ಟ. ಅತ್ತೆ ಅಷ್ಟರಲ್ಲಿ ಲ್ಯಾಪ್‌ಟಾಪಿನ ಹಣೆಗೆ ಕುಂಕುಮ ಇಟ್ಟಾಗಿತ್ತು. ಕಾಯಿ ಒಡೆಯಲು ಹೊರಟವರನ್ನು ಕೈಮುಗಿದು ನಿಲ್ಲಿಸಿದೆ. ಕಾಯಿನೀರು ಒಳಗೆ ಹೋಗಿದ್ದರೆ ಮಿಷನ್ನಿಗೇ ಡಾಕ್ಟರು ಬೇಕಾಗುತ್ತಿತ್ತು.

ಬೀದಿಯವರು ಅಂಗಳದ ತುಂಬ ಕೂತರು. ಕೊಟ್ಟಿಗೆ ಹತ್ತಿರ ಯಾರೂ ಸುಳಿಯಕೂಡದು, ಹೋಗುವಾಗ ವಾಷಿಂಗ್ ಸೋಡಾ ಕದಡಿದ ನೀರಿನಲ್ಲಿ ಕಾಲು ತೊಳೆದೇ ಹೋಗಬೇಕು ಅಂತ ಗದರಿದೆ. ಎಲ್ಲರ ಕಣ್ಣೂ ಪರದೆ ಮೇಲೆ. ಅಲ್ಲಿ ಬಣ್ಣದ ಗೆರೆಗಳು ಒಂದೊಂದಾಗಿ ಮೇಲೇರುತ್ತಿದ್ದವು. ಸೊಸೆ ಒಂದು ಕಡೆ ಕೂರಲಿಲ್ಲ. ಬೇಡ ಅಂದರೂ ಕಾಫಿ ತರುವಳು, ತಂದಾಗೆಲ್ಲ ನನ್ನ ಮುಖ ನೋಡುವಳು.

ಪಕ್ಕದ ಮನೆಯವರೊಬ್ಬರಿಗೆ ತಡೆಯಲಾಗಲಿಲ್ಲ.

"ಎಷ್ಟ್ನೇ ರೌಂಡು ಮೇಡಂ? ಲೀಡ್ ಯಾರ್ದು?"

"ಇದು ಎಲೆಕ್ಷನ್ ಅಲ್ಲ ಕಣಯ್ಯ, ಸುಮ್ಮನೆ ಕೂತ್ಕೋ."

ನಮ್ಮ ಡ್ರೈವರ್ ಇದ್ದಾನಲ್ಲ, ಅವನು ಗಂಭೀರವಾಗಿ ಅಂದ, "ಸುಮ್ಕಿರಿ ಸಾ, ಅಂಚೆ ಮತ ಈಗ ಎಣಿಸ್ತಾವ್ರೆ."

ತವರಿಗೆ ಹೋಗುವವರು

ಹೊತ್ತು ಇಳಿಯುವ ಮೊದಲು ಉತ್ತರ ಬಂತು. ಒಂದು ಸಲಕ್ಕೆ ನಂಬದೆ ಇನ್ನೊಂದು ಸಲ ನೋಡಿದೆ. ಅತ್ತೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದು ನಿಂತರು. ಸೊಸೆ ಬಾಗಿಲ ಹಿಂದೆ ಸರಿದಳು.

"ಕಾಲುಬಾಯಿ ಜ್ವರವೇ," ಅಂದೆ.

"ನಾನ್ ಯೋಳ್ನಿಲ್ವಾ!" ಅಂತ ಅತ್ತೆ ಬೀದಿಯವರ ಕಡೆ ತಿರುಗಿದರು.

"ತಡೀರಮ್ಮ. ಮೂರು ದನದ್ದೂ ಒಂದೇ ಕವಲು. ಅರಕಲಗೂಡು ಕಡೆ ಇರುವ ಕವಲೇ ಬೇರೆ, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ನಿಮ್ಮ ಸೊಸೆಯ ಹಸು ರೋಗ ತರಲಿಲ್ಲ, ಅದಕ್ಕೂ ಈ ಮನೆಗೆ ಬಂದ ಮೇಲೇ ಅಂಟಿದೆ. ಹಳ್ಳಿಮೈಸೂರು ಕಡೆ ಇರುವ ರೋಗವನ್ನೂ ನಾವು ಓದಿಟ್ಟಿದ್ದೀವಿ. ಇದು ಅದೇ, ಪಡಿಯಚ್ಚು. ಆ ಕಡೆಯಿಂದ ಈಚೆಗೆ ಯಾವುದಾದರೂ ದನ ಇಲ್ಲಿಗೆ ಬಂದಿತ್ತಾ?"

ಬೀದಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆಯ ಮುಖ ಮಾತ್ರ ಕೆಂಪಗಾಗುತ್ತ ಹೋಯಿತು.

"ಅದೆಂಗವ್ವ ಆಯ್ತದೆ?" ಅಂತ ಸಿಡಿದರು. "ಆ ಹಸೀನ ಬಾಯ್ಗೆ ನೀವು ಕಡ್ಡೀನೇ ಆಕಿಲ್ವಲ್ಲ!"

ಎಲ್ಲರೂ ಒಟ್ಟಿಗೇ ಕೇಳಿದರು. "ಯಾವ ಹಸ?"

ಅತ್ತೆ ಬಾಯಿಗೆ ಸೆರಗು ಮುಚ್ಚಿಕೊಂಡರು. ಹಿತ್ತಲ ತೋಟದಿಂದ, ತೆಂಗಿನ ಗರಿ ಒಟ್ಟಿದ್ದ ಕಡೆಯಿಂದ, ಉದ್ದಕ್ಕೆ "ಅಂಬಾ" ಅಂತ ಕೇಳಿಸಿತು.

ಆಮೇಲೆ ಸಂಗತಿ ಒಂದೊಂದಾಗಿ ಹೊರಗೆ ಬಂತು. ಹಳ್ಳಿಮೈಸೂರು ಕಡೆ ರೋಗ ಬಿದ್ದಾಗ ಆಕೆಯ ತಮ್ಮ ತನ್ನ ಒಳ್ಳೇ ಹಸು ಒಂದನ್ನು ಉಳಿಸಿಕೊಳ್ಳಲು ಅಕ್ಕನ ಮನೆಗೆ ಸಾಗಿಸಿದ್ದ. ಗುಳ್ಳೆ ಗಿಳ್ಳೆ ಏನೂ ಇಲ್ಲ, ಬರೀ ಒಂಚೂರು ಜೊಲ್ಲು ಅಂತ ನಂಬಿ ಅಕ್ಕ ಅದನ್ನು ಗರಿಯ ಹಿಂದೆ ಕಟ್ಟಿ, ಕೊಟ್ಟಿಗೆಯ ಬಕೆಟ್ಟಿನಲ್ಲೇ ನೀರು ಕುಡಿಸಿದ್ದರು. ಹಸು ಕಾಣದಿದ್ದರೆ ಅದರ ರೋಗವೂ ಮಿಷನ್ನಿಗೆ ಕಾಣುವುದಿಲ್ಲ ಅಂತ ಅವರ ಲೆಕ್ಕ.

"ಅದಕ್ಕೇ! ಹುಲ್ಲು ಎಲ್ಲಿಗೋಯ್ತದೆ ಅಂತ ನಾನು ನೋಡ್ತಾನೇ ಇವ್ನಿ," ಅಂದರು ಯಜಮಾನರು.

ಅತ್ತೆ ಜಗಲಿ ಮೇಲೆ ಕುಸಿದು ಕೂತರು. ಬಾಗಿಲ ಹಿಂದಿದ್ದ ಸೊಸೆ ಕಣ್ಣೊರೆಸಿಕೊಂಡು ಬಂದು ಅತ್ತೆಯ ಕೈಗೆ ಒಂದು ಲೋಟ ಕಾಫಿ ಕೊಟ್ಟಳು. ಅತ್ತೆ ಅವಳ ಮುಖ ನೋಡಲಿಲ್ಲ, ಆದರೆ ಲೋಟ ತೆಗೆದುಕೊಂಡರು.

ಯಜಮಾನರು ಎಲೆಅಡಿಕೆ ಉಗುಳಿ, ಬಾಯಿ ತೊಳೆದು, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

"ಮಾತು ಅಂದ್ಮೇಲೆ ಮಾತು ಕಣಮ್ಮಿ. ಯಾರ ತವರಿನ ಹಸೀನಿಂದ ಬಂತೋ ಅವ್ರು ಹಸೀನ ಜತೇಲೇ ತವರಿಗೆ ಅಂತ ನೀನೇ ಯೋಳಿದ್ದೆ. ಟೆಂಪೋ ಕರ್ಸ್ಲಾ?"

ಅಂಗಳವೆಲ್ಲ ಗೊಳ್ಳೆಂದಿತು. ನಾನು ನಗು ತಡೆದುಕೊಂಡು ಡಾಕ್ಟರ ಗತ್ತಿನಲ್ಲಿ ಹೇಳಿದೆ. "ಯಾರನ್ನೂ ಎಲ್ಲಿಗೂ ಕಳಿಸೋ ಹಾಗಿಲ್ಲ ಯಜಮಾನ್ರೇ. ರೋಗ ಪೂರ್ತಿ ವಾಸಿಯಾಗೋವರೆಗೂ ಈ ಮನೆಯಿಂದ ಒಂದು ದನವೂ ಆಚೆ ಹೋಗಕೂಡದು. ರೂಲ್ಸು."

ಯಜಮಾನರ ಮುಖ ಬಾಡಿತು. ಹೆಂಡತಿ ಕಡೆ ಒಂದು ಸಲ, ತೋಟದ ಕಡೆ ಒಂದು ಸಲ ನೋಡಿ, ನನ್ನ ಕಿವಿ ಹತ್ತಿರ ಬಗ್ಗಿದರು.

"ಆ ರೂಲ್ಸು ದನಗೋಳ್ಗೆ ತಾನೇ ಮೇಡಂ? ಇವ್ಳ್ಗೇನಿಲ್ವಲ್ಲ?"