ಅಜ್ಜಿಯ ಸೊಪ್ಪು, ಮೇಡಮ್ಮಿನ ಹುಳ

ಒಂದು ಒಗಟು ಹೇಳ್ತೀನಿ, ಬಿಡಿಸಿ ನೋಡೋಣ. ಎಂಟು ತಟ್ಟೆ. ಎಂಟರಲ್ಲೂ ಊಟಕ್ಕೆ ಕೂತವರಿದ್ದಾರೆ. ಯಾವ ತಟ್ಟೆಯಲ್ಲಿ ಏನಿದೆ ಅಂತ ಕಾದು ನೋಡುವವರಿಗೇ ಗೊತ್ತಿಲ್ಲ. ಉಂಡವರು ಎದ್ದು ಕುಣಿದರೆ ನೋಡುವವರ ಮುಖ ಸಪ್ಪೆ, ಉಂಡಲ್ಲೇ ಸತ್ತುಬಿದ್ದರೆ ಸಂತೋಷ. ಏನದು?

ಗೊತ್ತಾಗಲ್ಲ ಬಿಡಿ. ವಿಜ್ಞಾನದಲ್ಲಿ ಎರಡು ಸಲ ಫೇಲಾದ ನನಗೂ ಗೊತ್ತಿರಲಿಲ್ಲ. ಶಾಲೆ ಬಿಟ್ಟ ಮೇಲೆ ವಿಜ್ಞಾನದ ಕಾಟ ತಪ್ಪಿತು ಅಂದುಕೊಂಡಿದ್ದೆ. ಅದೇ ನನ್ನನ್ನು ಹುಡುಕಿಕೊಂಡು ನಮ್ಮ ಕುರಿದೊಡ್ಡಿಗೆ ಬಂತು. ಅವತ್ತಿಂದ ವಾರಕ್ಕೊಂದಾದರೂ ಫಜೀತಿ ಆಗಲೇಬೇಕು.

ನಮ್ಮೂರು ಯಲ್ದೂರಿನ ಹತ್ತಿರ. ಕುರಿಗೆ ಹೊಟ್ಟೆಹುಳ ಬಿದ್ದರೆ ನಮ್ಮಜ್ಜಿ ಒಂದು ಸೊಪ್ಪು ಅರೆದು ಬಿದಿರಿನ ಗೊಟ್ಟದಲ್ಲಿ ಕುಡಿಸುತ್ತಾಳೆ. ಹಿಂದೆ ಸುತ್ತಿನ ಊರವರೆಲ್ಲ ಕುರಿ ಹೊಡಕೊಂಡು ಬರುತ್ತಿದ್ದರಂತೆ. ಈಗ ಎಲ್ಲರಿಗೂ ಅಂಗಡಿ ಬಾಟಲಿ. ಕೋಲಾರದ ಲ್ಯಾಬೊಂದರಲ್ಲಿ, ಯಾವ ಗಿಡದ ರಸಕ್ಕೆ ಯಾವ ಹುಳ ಸಾಯುತ್ತೆ ಅಂತ ಪರೀಕ್ಷೆ ಮಾಡುವ ಮಾಲೂರಿನ ಮೇಡಂ ಒಬ್ಬರಿದ್ದಾರೆ. ಅವರು ಅಜ್ಜಿಯ ಸುದ್ದಿ ಕೇಳಿ ಬಂದರು.

ಅಜ್ಜಿ ಊರೆಲ್ಲಾ ಕೇಳುವ ಹಾಗೆ ಹೇಳಿಬಿಟ್ಟಳು: “ಪರೀಕ್ಷೆ ಮಾಡು ತಾಯಿ. ನನ್ನ ಸೊಪ್ಪಿಗೆ ಹುಳ ಸಾಯಲಿಲ್ಲ ಅಂದ್ರೆ ಇನ್ನು ಈ ಗೊಟ್ಟ ಮುಟ್ಟಲ್ಲ.”

ಸೊಪ್ಪಿನ ಪುಡಿ ಲ್ಯಾಬಿಗೆ ಒಯ್ಯೋದು, ಹುಳ ತಂದುಕೊಡೋದು, ಎರಡೂ ನನ್ನ ಪಾಲಿಗೆ ಬಂತು.

ಹುಳ ಇರೋದು ಕೊಡಿ

ಪರೀಕ್ಷೆಗೆ ಜೀವಂತ ಹುಳ ಬೇಕು. ಅದು ಸಿಗೋದು ಆಗತಾನೇ ಕುಯ್ದ ಕುರಿಯ ಹೊಟ್ಟೆಯಲ್ಲಿ. ಭಾನುವಾರ ಬೆಳಿಗ್ಗೆ ಮಟನ್ ಅಂಗಡಿಗೆ ಹೋದೆ. ದೊಡ್ಡ ಕ್ಯೂ. ನಾನು ಹಿಂದಿನಿಂದಲೇ ಕೂಗಿದೆ: “ಭಾಯ್, ಹುಳ ಇರೋ ಹೊಟ್ಟೆ ಇದೆಯಾ?”

ಭಾಯ್ ಕೈ ಅಲ್ಲೇ ನಿಂತಿತು. “ಏನ್ಲಾ ಅಂದೆ?”

“ಹುಳ ಜಾಸ್ತಿ ಇರಬೇಕು. ಜೀವಂತ ಇರಬೇಕು. ಹೋದ ವಾರ ನಿಮ್ಮಲ್ಲಿ ತಗೊಂಡಿದ್ದು ಬಹಳ ಚೆನ್ನಾಗಿತ್ತಂತೆ!”

ಹೋದ ವಾರ ನಾನು ಆ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ. ಆದರೂ ಅರ್ಧ ಕ್ಯೂ ಎದುರಿನ ಕೋಳಿ ಅಂಗಡಿಗೆ ನಡೆಯಿತು. ಭಾಯ್ ಕತ್ತಿ ಹಿಡಿದೇ ಹೊರಗೆ ಬಂದರು. ನಾನು ಬಸ್‌ಸ್ಟ್ಯಾಂಡ್‌ವರೆಗೆ ತಿರುಗಿ ನೋಡಲಿಲ್ಲ.

ಆಮೇಲೆ ಮೇಡಮ್ಮೇ ಹೋಗಿ ಕೈಮುಗಿದು ವಿಷಯ ತಿಳಿಸಿದರು. ಮುಂದಿನ ಭಾನುವಾರ ಭಾಯ್ ನನ್ನನ್ನು ಅಂಗಡಿ ಹಿಂದಕ್ಕೆ ಕರೆದು ಪಿಸುಗುಟ್ಟಿದರು: “ನನ್ನ ಕುರೀಲಿ ಹುಳ ಇರಲ್ಲ, ತಿಳೀತಾ? ಆದರೂ ತಗೋ. ಫಸ್ಟ್ ಕ್ಲಾಸ್ ಹುಳ. ಇಷ್ಟು ದಪ್ಪಂದು ಬೇರೆ ಯಾವ ಅಂಗಡಿಯಿಂದಾದ್ರೂ ಬಂದ್ರೆ ನನಗೆ ಬಂದು ಹೇಳು!”

ಫ್ಲಾಸ್ಕು

ಹುಳ ಸಾಯದ ಹಾಗೆ ಬೆಚ್ಚಗಿನ ಉಪ್ಪುನೀರಲ್ಲಿ ಹಾಕಿ ಫ್ಲಾಸ್ಕಿನಲ್ಲಿ ತರಬೇಕು. ಲ್ಯಾಬಿನ ಅಟೆಂಡರಣ್ಣ ಫ್ಲಾಸ್ಕು ನೋಡಿ, “ಏನಪ್ಪಾ, ಬಿಸಿಬಿಸಿ ತಂದಿದೀಯಾ?” ಅಂದ.

“ಹೂಂ ಅಣ್ಣಾ. ತಗೊಳ್ಳಿ.”

ಮುಚ್ಚಳಕ್ಕೆ ಬಗ್ಗಿಸಿಕೊಂಡು ಬಾಯಿ ಹತ್ತಿರ ತಂದವನು ನಿಲ್ಲಿಸಿದ. “ಇದೇನೋ, ಶಾವಿಗೆ ಪಾಯಸಾನಾ?”

“ಶಾವಿಗೇನೇ ಅಣ್ಣಾ.”

“ಮತ್ತೆ ಇದ್ಯಾಕೆ ಈಜ್ತಾ ಇದೆ?”

ಅವನು ಈಗ ಟೀ ಕುಡಿಯೋಕೆ ಮುಂಚೆ ಸೋಸುತ್ತಾನೆ. ಎರಡು ಸಲ.

ನಿಜ ಹೇಳಬೇಕು ಅಂದರೆ ಅವತ್ತೇ ನಾನು ಆ ಹುಳವನ್ನು ಸರಿಯಾಗಿ ನೋಡಿದ್ದು. ಮೇಡಂ ಮೈಕ್ರೋಸ್ಕೋಪಿನ ಕೆಳಗಿಟ್ಟು, “ನೋಡೋ ತುಂಟ” ಅಂದರು. ಕೆಂಪು ದಾರ ಬಿಳಿ ದಾರ ಸೇರಿಸಿ ಹುರಿ ಹೊಸೆದ ಹಾಗಿತ್ತು. ಕೆಂಪು, ಅದು ಕುಡಿದ ಕುರಿಯ ರಕ್ತವಂತೆ. ಬಿಳಿ, ಅದರ ಹೊಟ್ಟೆಯೊಳಗಿನ ಮೊಟ್ಟೆಯ ಸಾಲಂತೆ. ನಮ್ಮ ಕುರಿ ಯಾಕೆ ಸೊರಗುತ್ತೆ ಅಂತ ಇಷ್ಟು ವರ್ಷಕ್ಕೆ ಗೊತ್ತಾಯಿತು. ಹುಟ್ಟಿದಾಗಿನಿಂದ ಮೊದಲ ಸಲ ನನಗೆ ಹೇಳೋಕೆ ಒಂದು ಜೋಕೂ ಹೊಳೆಯಲಿಲ್ಲ.

ಹೆಸರು ಹೇಳಬಾರದು

ಅಜ್ಜಿ ಆ ಸೊಪ್ಪು ಕಿತ್ತು ತರೋದು ಆವನಿ ಬೆಟ್ಟದ ಹಿಂದಿನಿಂದ. ಕೀಳುವಾಗ ಮಾತಾಡಬಾರದು, ಯಾರಿಗೂ ಅದರ ಹೆಸರು ಹೇಳಬಾರದು. ಹೇಳಿದರೆ ಔಷಧಿಯ ಗುಣ ಹೋಗುತ್ತೆ. ಯಾರೂ ಗುರುತು ಹಿಡಿಯದಿರಲಿ ಅಂತ ಒಣಗಿಸಿ ಪುಡಿ ಮಾಡಿಯೇ ಕೊಡುತ್ತಿದ್ದಳು.

ಮೇಡಮ್ಮಿನ ಫಾರಂನಲ್ಲಿ ಮೊದಲನೇ ಸಾಲೇ ‘ಗಿಡದ ಹೆಸರು’.

“ಹೆಸರಿಲ್ಲದೆ ನಾನು ಬರೆಯೋ ಹಾಗಿಲ್ಲ ಅಜ್ಜಿ.”

“ಹೆಸರು ಹೇಳಿದ್ಮೇಲೆ ಅದು ಸಾಯಿಸೋ ಹಾಗಿಲ್ಲ ತಾಯಿ.”

ಇಬ್ಬರೂ ಬಗ್ಗಲಿಲ್ಲ. ಕೊನೆಗೆ ಮೇಡಂ ಸದ್ಯಕ್ಕೆ ‘ಅಜ್ಜಿ ಸೊಪ್ಪು’ ಅಂತ ಬರೆದುಕೊಂಡರು. ಅಜ್ಜಿಗೆ ಅನುಮಾನ ಬಂದು, ಲ್ಯಾಬ್ ನೋಡಲೇಬೇಕು ಅಂತ ನನ್ನ ಜೊತೆ ಬಸ್ಸು ಹತ್ತಿದಳು.

ಅಲ್ಲಿ ಇನ್ನೊಬ್ಬ ಮೇಡಂ ಎಂಟು ಗಾಜಿನ ತಟ್ಟೆಗಳಲ್ಲಿ ಹುಳ ಬಿಟ್ಟು, ಒಂದಕ್ಕೆ ಬರೀ ಉಪ್ಪುನೀರು, ಒಂದಕ್ಕೆ ಅಂಗಡಿ ಔಷಧಿ, ಒಂದಕ್ಕೆ ಅಜ್ಜಿಯ ಸೊಪ್ಪಿನ ರಸ, ಮಿಕ್ಕವಕ್ಕೆ ಬೇರೆ ಬೇರೆ ಗಿಡದ ರಸ ಹಾಕಿ, ಮುಚ್ಚಳದ ಮೇಲಿನ ಹೆಸರಿಗೆ ಚೀಟಿ ಅಂಟಿಸಿ, ನಂಬರು ಮಾತ್ರ ಕಾಣೋ ಹಾಗೆ ಬಿಡುತ್ತಿದ್ದರು.

“ಹೆಸರು ಯಾಕೆ ಮುಚ್ತಾರೆ?” ಅಂದಳು ಅಜ್ಜಿ.

“ಎಣಿಸೋಳು ನಾನಲ್ವಾ ಅಜ್ಜಿ?” ಅಂದರು ಮಾಲೂರಿನ ಮೇಡಂ. “ನನಗೇ ಗೊತ್ತಾಗಬಾರದು. ಗೊತ್ತಾದ್ರೆ ಮನಸ್ಸು ಆಸೆಪಟ್ಟು, ಬದುಕಿರೋದನ್ನೂ ಸತ್ತಿದೆ ಅನ್ನುತ್ತೆ.”

ಅಜ್ಜಿ ಹಣೆ ಮೇಲೆ ಕೈಯಿಟ್ಟುಕೊಂಡು ಎಂಟೂ ತಟ್ಟೆ ನೋಡಿದಳು. ಆಮೇಲೆ ನನ್ನ ಬೆನ್ನಿಗೊಂದು ಗುದ್ದಿದಳು. “ನೋಡಿದ್ಯೇನ್ಲಾ? ಇಷ್ಟು ಓದಿದೋರೂ ಹೆಸರು ಮುಚ್ಚಿಟ್ಟೇ ಮಾಡೋದು. ಫಾರಂ ಬರೆದೋನಿಗೆ ಮಾತ್ರ ಯಾರೂ ಹೇಳಿಕೊಟ್ಟಿಲ್ಲ!”

ಮೂರು ಆರಾಗಿದ್ದು

ಮೇಡಂ ಅಜ್ಜಿಯನ್ನು ಊಟಕ್ಕೆ ಕರೆದುಕೊಂಡು ಹೋದರು. ಎಂಟು ತಟ್ಟೆ, ನಾನು, ಒಂಟಿ ರೂಮು. ನೀವೇ ಹೇಳಿ, ನನ್ನಂಥವನು ಏನು ಮಾಡಬೇಕು? ಮೂರರ ಮುಚ್ಚಳ ಆರಕ್ಕೆ, ಆರರ ಮುಚ್ಚಳ ಮೂರಕ್ಕೆ ಹಾಕಿ ನಕ್ಕೆ.

ನಗು ಮುಗಿಯುವಷ್ಟರಲ್ಲಿ ಒಂದು ಯೋಚನೆ ಬಂತು. ಅದರಲ್ಲೊಂದು ಅಜ್ಜಿಯ ತಟ್ಟೆಯಾಗಿದ್ದರೆ? ಇನ್ನೊಂದು ಬರೀ ಉಪ್ಪುನೀರಾಗಿದ್ದರೆ? ಉಪ್ಪುನೀರಿನ ಹುಳ ಅಜ್ಜಿಯ ಹೆಸರಲ್ಲಿ ಕುಣಿದರೆ, ಅಜ್ಜಿ ಗೊಟ್ಟ ಅಟ್ಟಕ್ಕೆಸೆಯುತ್ತಾಳೆ. ವಾಪಸ್ ಬದಲಿಸೋಕೆ ಹೋಗಿ, ಗಾಬರಿಯಲ್ಲಿ ಎರಡು ಸಲ ಬದಲಿಸಿದೆನೋ ಮೂರು ಸಲವೋ ಅನ್ನೋದೇ ಮರೆತೆ.

ಮೇಡಂ ಬಂದ ಕೂಡಲೇ ಕಾಲು ಹಿಡಿದೆ. ಅವರು ಬಯ್ಯಲಿಲ್ಲ. ಒಂದು ತಟ್ಟೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ತಳ ತೋರಿಸಿದರು. ಅಲ್ಲೂ ನಂಬರು!

“ತಳದಲ್ಲಿ ಬರೆದಿರೋದು ನನಗೆ. ಮುಚ್ಚಳದ ಮೇಲೆ ಬರೆದಿರೋದು ಕೋತಿಗಳಿಗೆ.”

ಎಬ್ಬಿಸೋ ನೀರು

ಸಂಜೆಗೆ ಎಣಿಕೆ. ಎರಡನೇ ತಟ್ಟೆ, ಆರನೇ ತಟ್ಟೆ ಪೂರ್ತಿ ತಣ್ಣಗೆ. ಮಿಕ್ಕವುಗಳಲ್ಲಿ ಕುಣಿತ. “ಸತ್ತವು!” ಅಂತ ನಾನು ಎಗರಿದೆ.

“ತಡಿ” ಅಂದರು ಮೇಡಂ. “ಕೆಲವು ಸುಮ್ಮನೆ ಬಿದ್ದಿರ್ತವೆ. ಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ಬಿಟ್ಟು ನೋಡಬೇಕು. ಆಗಲೂ ಏಳದಿದ್ರೆ ಮಾತ್ರ ಸತ್ತ ಲೆಕ್ಕ.”

ಅಜ್ಜಿ ನನ್ನ ಕಡೆ ತಿರುಗಿದಳು. “ಶಾಲೆಗೆ ಹೋಗೋ ಕಾಲದಲ್ಲಿ ನಿನಗೂ ಹಿಂಗೇ ನೀರು ಹಾಕಿ ನೋಡ್ತಿದ್ದೆ ಕಣೋ.”

ಅರ್ಧ ಗಂಟೆ ಆಯಿತು. ಎರಡರಲ್ಲಿ ಒಂದೂ ಏಳಲಿಲ್ಲ. ಆರರಲ್ಲೂ ಒಂದೂ ಏಳಲಿಲ್ಲ. ಚೀಟಿ ಕಿತ್ತರು. ಎರಡು, ಅಂಗಡಿ ಔಷಧಿ. ಆರು, ಅಜ್ಜಿ ಸೊಪ್ಪು! ಅಟೆಂಡರಣ್ಣ ಶಿಳ್ಳೆ ಹೊಡೆದ. ಭಾಯ್ ಹಾರ ತಂದರು. ಶ್ರೀನಿವಾಸಪುರದಿಂದ ಮುಳಬಾಗಿಲುವರೆಗೆ ಕುರಿಗಳು ತಾವೇ ಸಾಲಾಗಿ ನಿಂತು ಅಜ್ಜಿಗೆ ಬಾಯಿ ತೆರೆದವು.

ಸರಿ, ನಗಬೇಡಿ. ಎಬ್ಬಿಸೋ ನೀರಿನವರೆಗೆ ಎಲ್ಲ ನಿಜ. ಅಲ್ಲಿಂದಾಚೆಗೆ ನಾನು ಕಟ್ಟಿದ್ದು.

ಆರನೇ ತಟ್ಟೆಯಲ್ಲಿ ಒಂದು ಹುಳ ನಿಧಾನಕ್ಕೆ ಬಾಲ ಆಡಿಸಿತು. ಒಂದೇ ಒಂದು. ಮೇಡಂ ‘ಒಂದು ಬದುಕಿದೆ’ ಅಂತ ಬರೆದರು. ಚೀಟಿ ಕಿತ್ತರೆ ಅಜ್ಜಿಯ ತಟ್ಟೆ. ಅಂಗಡಿ ಔಷಧಿಯದ್ದು ಒಂದೂ ಎದ್ದಿರಲಿಲ್ಲ. ನಾನು ಮೆಲ್ಲಗೆ, “ಮೇಡಂ, ಆ ಒಂದನ್ನ ಹೊಡೆದುಹಾಕಿ, ಯಾರಿಗೆ ಗೊತ್ತಾಗುತ್ತೆ?” ಅಂದೆ. ಅವರು ತಲೆ ಅಲ್ಲಾಡಿಸಿದರು. ಅಜ್ಜಿಯ ಮುಖ ನೋಡೋಕೂ ಅವರಿಗೆ ಆಗಲಿಲ್ಲ, ಆದರೂ ಬರೆದದ್ದನ್ನು ತಿದ್ದಲಿಲ್ಲ.

ಅಜ್ಜಿ ಬಗ್ಗಿ ಆ ಹುಳವನ್ನು ಬಹಳ ಹೊತ್ತು ನೋಡಿದಳು. “ಇದು ನನ್ನ ಮೊಮ್ಮಗನ ಥರದ್ದು. ಇದೊಂದಕ್ಕೆ ಹೆದರಿ ಗೊಟ್ಟ ಬಿಡ್ತೀನಾ? ನಾಳೆಯಿಂದ ಇನ್ನೊಂದು ಹಿಡಿ ಜಾಸ್ತಿ ಅರೀತೀನಿ.” ಆಮೇಲೆ ಮೇಡಮ್ಮಿನ ಕಿವಿ ಹತ್ತಿರ ಎಳೆದುಕೊಂಡು ಏನೋ ಅಂದಳು. ಮೇಡಂ ಫಾರಂನ ಮೊದಲನೇ ಸಾಲು ತುಂಬಿಸಿ, ಕೈ ಅಡ್ಡ ಇಟ್ಟುಕೊಂಡರು.

“ಅಜ್ಜೀ, ನನಗ್ಯಾಕೆ ಹೇಳಲಿಲ್ಲ?” ಅಂದೆ ಬಸ್ಸಿನಲ್ಲಿ.

“ಆಯಮ್ಮ ನನ್ನೆದುರಿಗೇ ಒಂದು ಬದುಕಿದೆ ಅಂತ ಬರೆದ್ಲು. ಅವಳ ಹತ್ರ ಹೆಸರು ಇದ್ರೆ ಗುಣ ಹೋಗಲ್ಲ. ನೀನಾಗಿದ್ರೆ ಎಲ್ಲಾ ಸತ್ವು ಅಂತ ಬರೀತಿದ್ದೆ ಕಣೋ.”

ಬರೀತಿದ್ದೆ ಏನು ಬಂತು, ಮೇಲೆ ಬರೆದೇ ಬಿಟ್ಟಿದ್ದೀನಲ್ಲ.