ಒಡೆಯದ ಪೊಟ್ಟಣ

ಆರ್ವಿಲ್ ಸ್ಟಟ್ಸ್‌ಮನ್‌ನ ಸಂಸಾರದಲ್ಲಿ ಕಲಹಕ್ಕೆ ಕಾರಣ ಇನ್ನೊಬ್ಬ ಹೆಣ್ಣಲ್ಲ, ಹೋಬಿ ಟ್ರಾಸ್ಕ್ ಎಂಬ ಬೇಸ್‌ಬಾಲ್ ಎಸೆಗಾರ. ಪುಣ್ಯಾತ್ಮ ಸತ್ತು ಎಷ್ಟೋ ವರ್ಷವಾಗಿತ್ತು. ಆದರೆ ೧೯೫೩ರಲ್ಲಿ ಬಬಲ್‌ಗಮ್ ಪೊಟ್ಟಣದೊಳಗೆ ಬಂದ ಅವನ ಚಿತ್ರದ ಕಾರ್ಡು ಮಾತ್ರ ಆರ್ವಿಲ್‌ನ ಗಾಜಿನ ಕಪಾಟಿನಲ್ಲಿ ಚಿರಂಜೀವಿಯಾಗಿ ಕೂತಿತ್ತು. ಚಿತ್ರ ಎಡಬಲ ಉಲ್ಟಾ ಅಚ್ಚಾಗಿ, ಬಲಗೈ ಎಸೆಗಾರ ಅದರಲ್ಲಿ ಎಡಚನಾಗಿದ್ದ. ತಪ್ಪು ತಿದ್ದುವ ಮೊದಲು ಹೊರಬಿದ್ದ ಕಾರ್ಡುಗಳು ಬೆರಳೆಣಿಕೆಯಷ್ಟೇ. ಒಹಾಯೊದ ಸಂಗ್ರಾಹಕರೆಲ್ಲ ಆ ರಟ್ಟಿನ ಚೂರಿಗೆ ಬಾಯಿ ಬಾಯಿ ಬಿಡುತ್ತಿದ್ದರು.

"ಅಚ್ಚಿನವನು ತಪ್ಪು ಮಾಡಿದ್ರೆ ಪೂಜೆ ಮಾಡ್ತೀಯ. ನಾನು ಸೂಪಿಗೆ ಉಪ್ಪು ಜಾಸ್ತಿ ಹಾಕಿದ್ರೆ ಮುಖ ಗಂಟು ಹಾಕ್ಕೋತೀಯ," ಎಂದಳು ಹೆಂಡತಿ ವರ್ನಾ.

"ಅಪರೂಪದ ತಪ್ಪಿಗೆ ಮಾತ್ರ ಬೆಲೆ ವರ್ನಾ. ಉಪ್ಪು ದಿನಾ ಜಾಸ್ತಿಯಾಗತ್ತೆ."

(ಈ ಮಾತಿನಿಂದಾಗಿ ಮೂರು ದಿನ ಸೂಪೇ ಅಪರೂಪವಾಯಿತು.)

ಕಾರ್ಡಿನ ಪಕ್ಕದಲ್ಲಿ ಅದೇ ವರ್ಷದ ಇನ್ನೊಂದು ಪೊಟ್ಟಣವಿತ್ತು, ಮೂವತ್ತು ವರ್ಷದಿಂದ ಒಡೆಯದ್ದು. ಒಳಗೆ ಯಾರಿದ್ದಾರೋ ನೋಡೋಣವೆಂದು ವರ್ನಾ ಕೇಳಿದಾಗಲೆಲ್ಲ ಆರ್ವಿಲ್ ಪ್ರವಚನ ಕೊಡುತ್ತಿದ್ದ: "ಒಡೆಯದಿದ್ರೆ ನಿಧಿ, ಒಡೆದ್ರೆ ಬರೀ ಕಾಗದ."

ಅವನ ಜೀವಮಾನದ ಆಸೆ ಒಂದೇ. ಚರ್ಚಿನ ನೆಲಮಾಳಿಗೆಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಕಾರ್ಡು ಮೇಳದ ನೀಲಿ ರಿಬ್ಬನ್. ಆರು ವರ್ಷದಿಂದ ತೀರ್ಪುಗಾರ್ತಿ ಮಿಸೆಸ್ ಪ್ರುಯಿಟ್ ಟ್ರಾಸ್ಕ್‌ನನ್ನು ಮುಂದಿನಿಂದ ನೋಡಿ ಮುಗುಳ್ನಕ್ಕು, ಕಾರ್ಡಿನ ಬೆನ್ನು ತಿರುಗಿಸಿ ನೋಡಿ ಮುಖ ಸಿಂಡರಿಸುತ್ತಿದ್ದಳು. ಪೊಟ್ಟಣದ ಮೇಣಗಾಗದದಿಂದ ಮೇಣ ಅಂಟಿ ಅಲ್ಲೊಂದು ಕಲೆಯಿತ್ತು. ಪ್ರತಿ ವರ್ಷವೂ ಎರಡನೆಯ ಬಹುಮಾನವೇ ಗತಿ.

ಮೇಣದ ಕಲೆಗೆ ಸಂಗ್ರಾಹಕರೆಲ್ಲ ಬಲ್ಲ ಮದ್ದು ಹೆಂಗಸರ ನೈಲಾನ್ ಕಾಲುಚೀಲ. ಅದರಿಂದ ಮೆಲ್ಲಗೆ ಉಜ್ಜಿದರೆ ಮೇಣ ಬಿಡುತ್ತದೆ. ಮೇಳದ ಬೆಳಗ್ಗೆ ವರ್ನಾ ಸೇಬಿನ ಪೈ ಮಾರಲು ಮೊದಲೇ ಚರ್ಚಿಗೆ ಹೋಗಿದ್ದೇ ತಡ, ಆರ್ವಿಲ್ ಅವಳ ಡ್ರಾಯರಿಗೆ ಕೈಹಾಕಿದ. ತಳದಲ್ಲಿ ಕಾಗದದ ಸೀಲ್ ಅಂಟಿಸಿದ ಹಳೆಯ ಕಾಲುಚೀಲದ ಡಬ್ಬವೊಂದು ಸಿಕ್ಕಿತು. ಇಷ್ಟು ವರ್ಷ ಒಡೆಯದ್ದು ಅವಳಿಗೆ ಬೇಡವಾದದ್ದೇ ಇರಬೇಕೆಂದು ಚಾಕುವಿನಿಂದ ಸೀಲ್ ಕುಯ್ದೇಬಿಟ್ಟ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿದ್ದದ್ದು ಹೀಗೆಯೇ.

ಕಲೆ ಮಾಯವಾಯಿತು. ಮೇಳದಲ್ಲಿ ಮಿಸೆಸ್ ಪ್ರುಯಿಟ್ ಭೂತಗನ್ನಡಿ ಹಿಡಿದು ಟ್ರಾಸ್ಕ್‌ನ ಬೆನ್ನನ್ನು ಎರಡು ಸಲ ನೋಡಿ ನೀಲಿ ರಿಬ್ಬನ್ ಕೊಟ್ಟೇಬಿಟ್ಟಳು. ಆರ್ವಿಲ್‌ಗೆ ಸ್ವರ್ಗಕ್ಕೆ ಮೂರೇ ಗೇಣು.

"ಕಲೆ ಎಷ್ಟು ಚೆನ್ನಾಗಿ ತೆಗೆದಿದ್ದೀಯ ಆರ್ವಿಲ್. ಯಾವುದರಲ್ಲಿ ಉಜ್ಜಿದೆ?"

ಸುಮ್ಮನಿದ್ದರೆ ಆಗುತ್ತಿತ್ತು. ಅವನು ಕೋಟಿನ ಜೇಬಿನಿಂದ ಕಾಲುಚೀಲ ಎಳೆದು ಧ್ವಜದಂತೆ ಎತ್ತಿ ಹಿಡಿದ. ಮಿಸೆಸ್ ಪ್ರುಯಿಟ್‌ಳ ಭೂತಗನ್ನಡಿ ಅತ್ತ ತಿರುಗಿತು.

"ಇದು ನಮ್ಮವರು ಯುದ್ಧಕ್ಕೆ ಇಳಿಯೋಕೆ ಮುಂಚಿನದು. ನಲವತ್ತನೇ ಇಸವೀಲಿ ಮೊದಲ ಸಲ ಅಂಗಡಿಗೆ ಬಂದ ನೈಲಾನು. ಡಬ್ಬ ಇದೆಯಾ?"

"ಇದೆ. ಸೀಲ್ ಕೂಡ ಇತ್ತು."

"ಇತ್ತು ಅಂದ್ರೆ?"

"ಬೆಳಗ್ಗೆ ಕುಯ್ದೆ."

ನೆಲಮಾಳಿಗೆಯ ಗಂಡಸರೆಲ್ಲ ಸಾವಿನ ಮನೆಯಲ್ಲಿ ನಿಂತವರಂತೆ ಟೋಪಿ ತೆಗೆದರು. ಪೈ ಮೇಜಿನ ಹಿಂದೆ ವರ್ನಾಳ ಕೈಯಲ್ಲಿದ್ದ ಚಾಕು ಅರ್ಧಕ್ಕೇ ನಿಂತಿತು.

"ನಮ್ಮಮ್ಮ ಅರ್ಧ ದಿನ ಸಾಲಲ್ಲಿ ನಿಂತು ತಂದಿದ್ದು," ಎಂದಳು ತಣ್ಣಗೆ. "ಮದುವೆ ದಿನಾನೂ ನಾನು ಒಡೆದಿರಲಿಲ್ಲ." ಏಪ್ರನ್ ಬಿಚ್ಚಿಟ್ಟು ನೇರ ಮನೆಗೆ ಹೊರಟಳು. ಸಂಗ್ರಾಹಕರೆಲ್ಲ ಕಾಲುಚೀಲವನ್ನು ಮುತ್ತಿಕೊಂಡರು. ಟ್ರಾಸ್ಕ್‌ನನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ.

ಆರ್ವಿಲ್ ಏದುಸಿರು ಬಿಡುತ್ತ ಮನೆ ಸೇರಿದಾಗ ವರ್ನಾ ಅಡುಗೆಮನೆಯಲ್ಲಿ ಕೂತು ಏನನ್ನೋ ಕಟಕಟನೆ ಅಗಿಯುತ್ತಿದ್ದಳು. ಮೇಜಿನ ಮೇಲೆ ೧೯೫೩ರ ಪೊಟ್ಟಣ ಹರಿದು ಬಿದ್ದಿತ್ತು.

"ಗಮ್ಮು ಸೀಮೆಸುಣ್ಣದ ಥರ ಇದೆ," ಎಂದಳು.

"ವರ್ನಾ, ಒಡೆದ್ರೆ ಅದು..."

"ಬರೀ ಕಾಗದ. ಗೊತ್ತು."

ಆರ್ವಿಲ್‌ಗೆ ಅಳು ಬಂತು. ಆದರೂ ಹುಟ್ಟುಗುಣ ಎಲ್ಲಿ ಹೋಗುತ್ತದೆ? ತಡೆಯಲಾರದೆ ಕೇಳಿಯೇಬಿಟ್ಟ: "ಒಳಗೆ ಯಾರಿದ್ರು?"

"ಇನ್ನೊಬ್ಬ ಎಡಚ ಟ್ರಾಸ್ಕ್. ಬೆನ್ನಿಗೆ ಮೇಣ ಮೆತ್ತಿದೆ." ವರ್ನಾ ಕಾಲುಚೀಲದ ಡಬ್ಬವನ್ನು ಅವನತ್ತ ತಳ್ಳಿದಳು. "ಇನ್ನೊಂದು ಕಾಲಿಂದು ಹಾಗೇ ಇದೆ. ಕೂತ್ಕೊಂಡು ಉಜ್ಜು."